ಸಣ್ಣ ಗಿರಣಿಗೆ ನವಣೆ-ಸಾಮೆಯ ಸಿಪ್ಪೆ ಬಿಡಿಸುವ ಯಂತ್ರ: ಖರ್ಚನ್ನು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು?

ಪ್ರಶ್ನೆ: ನಾನು ಬಸವನಬಾಗೇವಾಡಿ ಕಡೆಯವನು. ಪುಣೆಯ ಭೋಸರಿಯಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ ನಡೆಸುತ್ತಿದ್ದೇನೆ. ಎರಡು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ವೆಲ್ಡಿಂಗ್ ಸೆಟ್ ಇವೆ. ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ನಮ್ಮ ಸಂಬಂಧಿಕರೂ ಜುನ್ನರ ಕಡೆಯ ಒಂದು ಮಹಿಳಾ ಸ್ವಸಹಾಯ ಸಂಘದವರೂ ಸಿರಿಧಾನ್ಯದ ಸಿಪ್ಪೆ ತೆಗೆಯುವ ಯಂತ್ರ ಮಾಡಿಕೊಡಿ ಎಂದು ಕೇಳುತ್ತಿದ್ದಾರೆ. ಐವತ್ತು ಸಾವಿರ ರೂಪಾಯಿಯೊಳಗೆ, ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ, ಗಂಟೆಗೆ ಎರಡು ಕ್ವಿಂಟಲ್ ತೆಗೆಯುವಂತಿರಬೇಕು. ಹಳೆಯ ಭತ್ತದ ಹಲ್ಲರ್ ತಂದು ಪ್ರಯತ್ನಿಸಿದೆ, ಅರ್ಧಕ್ಕರ್ಧ ನವಣೆ ನುಚ್ಚಾಯಿತು. ಯಾವ ತತ್ವದ ಮೇಲೆ ವಿನ್ಯಾಸ ಮಾಡಬೇಕು? ಎಷ್ಟು ಎಚ್‌ಪಿ ಮೋಟಾರು ಬೇಕು? ಖರ್ಚು ಎಲ್ಲಿ ಉಳಿಸಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಬೆಲೆಯ ಮಿತಿ ಮೊದಲು ಬಂದಿದೆ, ಧಾನ್ಯದ ವಿಚಾರ ಕೊನೆಯಲ್ಲಿ ಬಂದಿದೆ. ವಿನ್ಯಾಸ ಮಾಡುವಾಗ ಈ ಕ್ರಮವನ್ನು ತಿರುಗಿಸಿಕೊಳ್ಳಬೇಕೆಂದು ನನ್ನ ವಿನಂತಿ. ಯಂತ್ರದ ಬೆಲೆ ಒಂದು ಸಲ ಕೊಡುವ ಹಣ. ನುಚ್ಚಾಗಿ ಹೋಗುವ ಕಾಳಿನ ಬೆಲೆಯನ್ನು ಗಿರಣಿಯವರು ಪ್ರತಿದಿನವೂ ತೆರುತ್ತಾರೆ. ಲೆಕ್ಕಕ್ಕೆಂದು ನವಣೆ ಅಕ್ಕಿಗೆ ಕಿಲೋಗೆ 80 ರೂಪಾಯಿ ಎಂದು ಹಿಡಿಯೋಣ. ಒಂದು ಕ್ವಿಂಟಲ್ ನವಣೆಯಿಂದ ಒಂದು ಯಂತ್ರ 60 ಕಿಲೋ ಇಡಿ ಅಕ್ಕಿಯನ್ನೂ ಇನ್ನೊಂದು 66 ಕಿಲೋವನ್ನೂ ಕೊಟ್ಟರೆ, ಕ್ವಿಂಟಲಿಗೆ 480 ರೂಪಾಯಿಯ ವ್ಯತ್ಯಾಸ ಬೀಳುತ್ತದೆ. ಎರಡನೆಯ ಯಂತ್ರದ ಬೆಲೆ 20,000 ರೂಪಾಯಿ ಹೆಚ್ಚಿದ್ದರೂ 42 ಕ್ವಿಂಟಲ್ ತೆಗೆಯುವಷ್ಟರಲ್ಲಿ ಅದು ವಸೂಲಾಗುತ್ತದೆ. ಅಷ್ಟನ್ನು ತೆಗೆಯಲು ತಗಲುವ ವಿದ್ಯುತ್ ಖರ್ಚು ಈ ಮೊತ್ತದ ಮುಂದೆ ಅತಿ ಸಣ್ಣದು. ಆದ್ದರಿಂದ ಐವತ್ತು ಸಾವಿರದ ಗೆರೆಯನ್ನು ಸ್ವಲ್ಪ ಸಡಿಲಿಸಿ, ಇಡಿ ಅಕ್ಕಿಯ ಪ್ರಮಾಣವನ್ನು ಗೆರೆಯಾಗಿ ಹಾಕಿಕೊಳ್ಳಿ.

ಗಂಟೆಗೆ ಎರಡು ಕ್ವಿಂಟಲ್ ಎಂಬ ಬೇಡಿಕೆಯನ್ನೂ ನಾನು ಒಪ್ಪುವುದಿಲ್ಲ. ನಿಮ್ಮ ಸಂಬಂಧಿಕರ ಗಿರಣಿಗೆ ಬರುವ ರೈತರು ತಲಾ ಇಪ್ಪತ್ತು, ಮೂವತ್ತು, ಹೆಚ್ಚೆಂದರೆ ಐವತ್ತು ಕಿಲೋ ತರುತ್ತಾರೆ. ತಮ್ಮ ಕಾಳು ಇನ್ನೊಬ್ಬರದರ ಜೊತೆ ಬೆರೆಯುವುದನ್ನು ಯಾರೂ ಸಹಿಸುವುದಿಲ್ಲ. ಒಬ್ಬರದು ಮುಗಿದು ಇನ್ನೊಬ್ಬರದು ಹಾಕುವಾಗ ಯಂತ್ರದ ಹೊಟ್ಟೆಯಲ್ಲಿ ಎರಡು ಕಿಲೋ ಉಳಿದರೆ, ಇಪ್ಪತ್ತು ಕಿಲೋ ತಂದವರಿಗೆ ನೂರಕ್ಕೆ ಹತ್ತು ಭಾಗ ನಷ್ಟವಾಯಿತು, ಜೊತೆಗೆ ಜಗಳವೂ ಆಯಿತು. ದೊಡ್ಡ ಮಿಲ್ಲಿನ ಯಂತ್ರವನ್ನು ಅಳತೆಯಲ್ಲಷ್ಟೇ ಚಿಕ್ಕದು ಮಾಡಿ ಮಾರುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ. ನಿಮ್ಮ ಯಂತ್ರ ಗಂಟೆಗೆ ಒಂದು ಕ್ವಿಂಟಲ್ ತೆಗೆದರೆ ಸಾಕು. ಆದರೆ ಒಳಗೆ ಕಾಳು ನಿಲ್ಲುವ ಮೂಲೆಗಳು ಇರಬಾರದು, ತಳದ ತಟ್ಟೆಗಳ ಇಳಿಜಾರು 45 ಡಿಗ್ರಿಗೆ ಕಡಿಮೆ ಇರಬಾರದು, ಸ್ಪ್ಯಾನರ್ ಇಲ್ಲದೆ ಕೈಯಿಂದಲೇ ತೆರೆಯಬಹುದಾದ ಬಾಗಿಲುಗಳಿರಬೇಕು, ಐದು ನಿಮಿಷದೊಳಗೆ ಒಳಭಾಗವನ್ನು ಬ್ರಷ್ ಮಾಡಿ ಮುಂದಿನವರ ಕಾಳಿಗೆ ಸಿದ್ಧವಾಗಬೇಕು.

ಇನ್ನು ತತ್ವಕ್ಕೆ ಬರೋಣ. ರಾಗಿ, ಜೋಳ, ಸಜ್ಜೆಗಳನ್ನು ಕಣದಲ್ಲಿ ಒಕ್ಕಿದರೆ ಬೀಸಲು ಬರುವ ಕಾಳೇ ಕೈಗೆ ಸಿಗುತ್ತದೆ. ನವಣೆ, ಸಾಮೆ, ಬರಗು, ಊದಲು, ಹಾರಕ, ಕೊರಲೆಗಳಲ್ಲಿ ಒಕ್ಕಿದ ಮೇಲೂ ಗಟ್ಟಿ ಸಿಪ್ಪೆ ಕಾಳನ್ನು ಅಪ್ಪಿಕೊಂಡಿರುತ್ತದೆ. ಅದನ್ನು ಬಿಡಿಸಲು ಬಳಕೆಯಲ್ಲಿರುವ ದಾರಿಗಳು ಮುಖ್ಯವಾಗಿ ಮೂರು: ಉಜ್ಜುವುದು, ಎರಡು ರಬ್ಬರ್ ರೋಲುಗಳ ನಡುವೆ ತಿರುಚುವುದು, ವೇಗವಾಗಿ ಎಸೆದು ಅಪ್ಪಳಿಸುವುದು. ನೀವು ತಂದ ಹಳೆಯ ಹಲ್ಲರ್ ಮೊದಲನೆಯ ಜಾತಿಯದು. ಅದರಲ್ಲಿ ಕಾಳು ಕಾಳಿಗೂ ಕಬ್ಬಿಣಕ್ಕೂ ಒತ್ತಡದಲ್ಲಿ ಉಜ್ಜಿಕೊಳ್ಳುವುದರಿಂದ ಬಿಸಿಯಾಗುತ್ತದೆ, ಸಿಪ್ಪೆ, ತೌಡು, ನುಚ್ಚು ಎಲ್ಲ ಒಂದಾಗಿ ಹೊರಬೀಳುತ್ತವೆ. ಎರಡು ಮಿಲಿಮೀಟರಿನ ಕಾಳಿಗೆ ಆ ಒತ್ತಡ ತೀರ ಹೆಚ್ಚು. ರಬ್ಬರ್ ರೋಲು ಭತ್ತಕ್ಕೆ ಅತ್ಯುತ್ತಮ, ಏಕೆಂದರೆ ಭತ್ತ ಉದ್ದ ಕಾಳು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ರೋಲುಗಳಿಗೆ ಅದನ್ನು ಹಿಡಿದು ತಿರುಚಲು ಜಾಗ ಸಿಗುತ್ತದೆ. ದುಂಡಗಿನ ಸಾಮೆಗೆ ರೋಲುಗಳ ಸಂದನ್ನು ಒಂದು ಮಿಲಿಮೀಟರಿನ ಆಸುಪಾಸಿಗೆ ತರಬೇಕಾಗುತ್ತದೆ. ಆ ಸಂದು ರೋಲಿನ ಉದ್ದಕ್ಕೂ ಒಂದೇ ಸಮ ಇರಬೇಕೆಂದರೆ ಯಂತ್ರದ ನಿಖರತೆಯೂ ಬೆಲೆಯೂ ಏರುತ್ತವೆ. ರಬ್ಬರ್ ಸವೆದಂತೆಲ್ಲ ಹೊಂದಿಸುತ್ತಲೂ ಇರಬೇಕು. ಹಳ್ಳಿಯ ಗಿರಣಿಯಲ್ಲಿ ಇದು ನಡೆಯುವ ಮಾತಲ್ಲ.

ಆದ್ದರಿಂದ ನನ್ನ ಆಯ್ಕೆ ಅಪ್ಪಳಿಸುವ ವಿಧಾನ, ಎಂದರೆ ಸೆಂಟ್ರಿಫ್ಯೂಗಲ್ ಹಲ್ಲರ್. ಅಡ್ಡಲಾಗಿ ತಿರುಗುವ ರೋಟರಿನ ನಡುವೆ ಕಾಳು ಬೀಳುತ್ತದೆ, ರೆಕ್ಕೆಗಳ ಉದ್ದಕ್ಕೂ ಜಾರಿ ಅಂಚಿನಿಂದ ಹೊರಗೆ ಚಿಮ್ಮುತ್ತದೆ, ಸುತ್ತಲಿನ ಬಳೆಗೆ ಬಡಿದು ಸಿಪ್ಪೆ ಸೀಳುತ್ತದೆ. ಇಲ್ಲಿ ಎಲ್ಲವೂ ಅಂಚಿನ ವೇಗದ ಮೇಲೆ ನಿಂತಿದೆ. ಕಾಳಿಗೆ ಸಿಗುವ ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೇಗ ನೂರಕ್ಕೆ ಹತ್ತು ಭಾಗ ಹೆಚ್ಚಿದರೆ ಪೆಟ್ಟು ಇಪ್ಪತ್ತೊಂದು ಭಾಗ ಹೆಚ್ಚುತ್ತದೆ. 300 ಮಿಲಿಮೀಟರ್ ವ್ಯಾಸದ ರೋಟರ್ ನಿಮಿಷಕ್ಕೆ 1,910 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 30 ಮೀಟರ್. 2,550 ಸುತ್ತಿಗೆ 40 ಮೀಟರ್. ಈ ಎರಡರ ನಡುವೆ ಕನಿಷ್ಠ ಮೂರು ಮೆಟ್ಟಿಲುಗಳಾದರೂ ನಿಮ್ಮ ಯಂತ್ರದಲ್ಲಿ ಇರಲಿ. ಸಾಮೆಯ ಕಾಳು ಹಗುರ. ಅದೇ ಪೆಟ್ಟು ಬೀಳಬೇಕಾದರೆ ಅದಕ್ಕೆ ಹೆಚ್ಚು ವೇಗ ಬೇಕು. 1,440 ಸುತ್ತಿನ ಮೋಟಾರಿಗೆ ಮೂರು ತೋಡಿನ ಮೆಟ್ಟಿಲು ಪುಲ್ಲಿ ಹಾಕಿದರೆ ಇದು ಅಗ್ಗದಲ್ಲಿ ಆಗುತ್ತದೆ. ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ಹಾಕಿದರೆ ಅನುಕೂಲ ಹೆಚ್ಚು, ಆದರೆ ಸಿಡಿಲು-ಮಳೆಯ ಕಾಲದಲ್ಲಿ ಅದು ಸುಟ್ಟರೆ ಹಳ್ಳಿಯಲ್ಲಿ ದುರಸ್ತಿ ಮಾಡುವವರಿಲ್ಲ. ಬೆಲ್ಟು ಹರಿದರೆ ತಾಲ್ಲೂಕಿನಲ್ಲಿ ಸಿಗುತ್ತದೆ. ನಿಮ್ಮ ಶೆಡ್ಡಿನಲ್ಲಿ ಪ್ರಯೋಗ ಮಾಡುವಾಗ ಮಾತ್ರ ಡ್ರೈವ್ ಬಳಸಿ, ಯೋಗ್ಯ ವೇಗಗಳನ್ನು ಕಂಡುಕೊಂಡ ಮೇಲೆ ಅವುಗಳಿಗೆ ತಕ್ಕ ಪುಲ್ಲಿ ಕಡೆಯಿರಿ.

ಮೋಟಾರಿನ ವಿಷಯದಲ್ಲಿ ನಿಮಗೆ ಆಶ್ಚರ್ಯವಾಗಬಹುದಾದ ಒಂದು ಲೆಕ್ಕವಿದೆ. ಗಂಟೆಗೆ ನೂರು ಕಿಲೋ ಎಂದರೆ ಸೆಕೆಂಡಿಗೆ 28 ಗ್ರಾಂ. ಅದನ್ನು 40 ಮೀಟರ್ ವೇಗದ ಅಂಚಿನಿಂದ ಎಸೆಯಲು ಬೇಕಾದ ಶಕ್ತಿ ಐವತ್ತು ವಾಟ್ ಕೂಡ ಇಲ್ಲ. ಮಿಕ್ಕ ವಿದ್ಯುತ್ತೆಲ್ಲ ಬೆಲ್ಟು, ಬೇರಿಂಗು, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ ಕಡೆಯುವುದಕ್ಕೆ ಹೋಗುತ್ತದೆ, ಏಕೆಂದರೆ ರೆಕ್ಕೆಗಳಿರುವ ತೆರೆದ ರೋಟರು ತಾನೇ ಒಂದು ಬ್ಲೋವರ್ ಆಗಿರುತ್ತದೆ. ರೆಕ್ಕೆಗಳ ಮೇಲೂ ಕೆಳಗೂ ತಟ್ಟೆ ಮುಚ್ಚಿ, ಕಾಳು ಜಾರುವಷ್ಟು ಕಿರಿದಾದ ಓಣಿಗಳನ್ನು ಮಾತ್ರ ಬಿಟ್ಟರೆ ಈ ವ್ಯರ್ಥ ಬಹಳ ಕಡಿಮೆಯಾಗುತ್ತದೆ. ಖಾಲಿ ಓಡುವಾಗಲೂ ಕಾಳು ಹಾಕಿದಾಗಲೂ ಕ್ಲ್ಯಾಂಪ್ ಮೀಟರಿನಿಂದ ಕರೆಂಟು ಅಳೆದು ನೋಡಿ, ವ್ಯತ್ಯಾಸ ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ರೋಟರಿಗೆ ಒಂದೂವರೆ ಎಚ್‌ಪಿ, ಬ್ಲೋವರಿಗೆ ಅರ್ಧ ಎಚ್‌ಪಿ ಎಂದು ಆರಂಭಿಸಿ. ಮೂರು ಅಥವಾ ಐದು ಎಚ್‌ಪಿ ಹಾಕುವುದು ದಡ್ಡತನವಷ್ಟೇ ಅಲ್ಲ, ಅಪಾಯವೂ ಹೌದು: ಸಿಂಗಲ್ ಫೇಸಿನಲ್ಲಿ ದೊಡ್ಡ ಮೋಟಾರು ಎಳೆಯುವ ಆರಂಭದ ಕರೆಂಟಿನಿಂದ ಹಳ್ಳಿಯ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಮೋಟಾರಿನ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 230 ವೋಲ್ಟಿನ ಬದಲು 180 ಬಂದರೆ ಬಲ 61 ಶೇಕಡಕ್ಕೆ ಇಳಿಯುತ್ತದೆ. ಆಗ ಭಾರದ ರೋಟರು ಏಳದೆ ಮೋಟಾರು ಗೊರಗುಟ್ಟುತ್ತಾ ನಿಂತು ಸುಡುತ್ತದೆ. ಕರೆಂಟು ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಕಡ್ಡಾಯ. ರೋಟರು ಪೂರ್ಣ ವೇಗಕ್ಕೆ ಬಂದ ಮೇಲಷ್ಟೇ ಕಾಳಿನ ಬಾಗಿಲು ತೆರೆಯಬೇಕೆಂದು ಯಂತ್ರದ ಮೇಲೆಯೇ ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಿಸಿ.

ಖರ್ಚು ಉಳಿಸಲೇಬಾರದ ಜಾಗ ರೋಟರಿನ ಸಮತೋಲನ. ಆರು ಕಿಲೋ ತೂಕದ, 300 ಮಿಲಿಮೀಟರ್ ವ್ಯಾಸದ ರೋಟರು 2,550 ಸುತ್ತಿನಲ್ಲಿ ಓಡುವಾಗ, ಸಾಮಾನ್ಯ ಯಂತ್ರಗಳಿಗೆ ಒಪ್ಪಿತವಾದ ಜಿ 6.3 ದರ್ಜೆಯೊಳಗೆ ಇರಬೇಕಾದರೆ ಅದರ ಅಂಚಿನಲ್ಲಿ ಉಳಿಯಬಹುದಾದ ಅಸಮತೋಲನ ಒಂದು ಗ್ರಾಮಿಗೂ ಕಡಿಮೆ. ಒಂದು ವೆಲ್ಡಿಂಗ್ ಹನಿಯ ತೂಕವೇ ಅದಕ್ಕಿಂತ ಹೆಚ್ಚಿರಬಹುದು. ಆ ಒಂದು ಗ್ರಾಂ ಅಂಚಿನಲ್ಲಿದ್ದರೆ ಒಂದು ಕಿಲೋಗಿಂತ ಹೆಚ್ಚಿನ ಬಲದಿಂದ ಶಾಫ್ಟನ್ನು ನಿಮಿಷಕ್ಕೆ 2,550 ಬಾರಿ ಎಳೆದಾಡುತ್ತದೆ. ಬೇರಿಂಗು ಹೋಗುವುದು, ಬೋಲ್ಟು ಸಡಿಲವಾಗುವುದು, ಜರಡಿ ಒಡೆಯುವುದು ಎಲ್ಲವೂ ಅಲ್ಲಿಂದಲೇ ಶುರು. ಆದ್ದರಿಂದ ರೆಕ್ಕೆಗಳನ್ನು ತಕ್ಕಡಿಯಲ್ಲಿ ತೂಗಿ, ಸಮ ತೂಕದವುಗಳನ್ನು ಎದುರುಬದುರು ಕೂರಿಸಿ, ವೆಲ್ಡಿಂಗ್ ಮುಗಿದ ಮೇಲೆ ಲೇತಿನಲ್ಲಿ ಹೊರಮೈ ತಿರುಗಿಸಿ, ಅನಂತರ ಬ್ಯಾಲೆನ್ಸಿಂಗ್ ಯಂತ್ರವಿರುವ ವರ್ಕ್‌ಶಾಪಿಗೆ ಕೊಡಿ. ಪುಣೆಯ ಕೈಗಾರಿಕಾ ಪಟ್ಟಿಯಲ್ಲಿ ಇರುವುದರಿಂದ ನಿಮಗೆ ಇದೊಂದು ದೊಡ್ಡ ಅನುಕೂಲ. ಈ ಕೆಲಸವನ್ನು ನೀವು ಪಕ್ಕದ ಗಾಲಾದಲ್ಲೇ, ಎಂದರೆ ಪಕ್ಕದ ಶೆಡ್ಡಿನಲ್ಲೇ, ಮಾಡಿಸಿಕೊಳ್ಳಬಹುದು, ತಾಲ್ಲೂಕಿನ ವೆಲ್ಡರಿಗೆ ಆ ಭಾಗ್ಯವಿಲ್ಲ. ನೀವು ಮಾರಬೇಕಾದದ್ದು ಈ ಅನುಕೂಲವನ್ನೇ ಎಂದು ನನ್ನ ಅಭಿಪ್ರಾಯ. ಚೌಕಟ್ಟು, ಕಾಲು, ಹಾಪರಿನ ಆಧಾರಗಳನ್ನು ಸಾಮಾನ್ಯ ಕಬ್ಬಿಣದ ಆಂಗಲ್‌ನಿಂದ ಮಾಡಿ ಬಣ್ಣ ಹಚ್ಚಿ ಹಣ ಉಳಿಸಿ. ಕಾಳು ತಾಗುವ ತಟ್ಟೆಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನೇ ಬಳಸಿ. ಬೇರಿಂಗು ಎಲ್ಲ ಕಡೆ ಸಿಗುವ ಅಳತೆಯದಿರಲಿ, ಒಳ್ಳೆಯ ಕಂಪನಿಯದಿರಲಿ.

ಕಾಳು ಬಡಿಯುವ ಬಳೆಗೆ ಬರಿಯ ಉಕ್ಕು ಬೇಡ, ಪೆಟ್ಟು ಬಿರುಸಾಗಿ ನುಚ್ಚು ಹೆಚ್ಚುತ್ತದೆ. ಹಳೆಯ ಟೈರಿನ ರಬ್ಬರ್ ಕತ್ತರಿಸಿ ಅಂಟಿಸುವುದನ್ನು ಕೆಲವರು ಜಾಣತನವೆಂದು ತಿಳಿದಿದ್ದಾರೆ; ಅದರ ಕಪ್ಪು ಪುಡಿ ಅನ್ನಕ್ಕೆ ಸೇರುತ್ತದೆ, ದಯವಿಟ್ಟು ಮಾಡಬೇಡಿ. ಆಹಾರಕ್ಕೆ ಯೋಗ್ಯವಾದ ಪಾಲಿಯುರಿಥೇನ್ ತುಂಡುಗಳನ್ನು ಬಳೆಯ ಒಳಗೆ ಬೋಲ್ಟು ಮಾಡಿ ಕೂರಿಸಿ. ಒಂದು ಬದಿ ಸವೆದಾಗ ತಿರುಗಿಸಿ ಹಾಕುವಂತಿದ್ದರೆ ಅದೇ ತುಂಡು ಎರಡು ಪಟ್ಟು ಬಾಳುತ್ತದೆ.

ಕಾಳು ಬಿಡುವ ಬಾಗಿಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಅತಿ ಅಗ್ಗದ ಭಾಗ, ಆದರೆ ಫಲಿತಾಂಶವನ್ನು ಅತಿ ಹೆಚ್ಚು ಕೆಡಿಸುವ ಭಾಗವೂ ಹೌದು. ಸಾಮಾನ್ಯವಾಗಿ ಎಲ್ಲರೂ ಸರಿಸುವ ತಗಡಿನ ಬಾಗಿಲು ಹಾಕುತ್ತಾರೆ. ಇಷ್ಟು ಸಣ್ಣ ಕಾಳಿನಲ್ಲಿ ರಂಧ್ರದ ಅಳತೆ ತುಸು ಬದಲಾದರೂ ಹರಿವು ಬಹಳ ಬದಲಾಗುತ್ತದೆ. ದುಂಡು ರಂಧ್ರದಿಂದ ಬೀಳುವ ಕಾಳಿನ ಪ್ರಮಾಣ ಹೆಚ್ಚುಕಡಿಮೆ ವ್ಯಾಸದ ಎರಡೂವರೆ ಘಾತಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕದ ಪ್ರಕಾರ ಗಂಟೆಗೆ ನೂರು ಕಿಲೋ ಹರಿವಿಗೆ ಸುಮಾರು 16 ಮಿಲಿಮೀಟರ್ ರಂಧ್ರ ಸಾಕು. ಅದನ್ನು 20 ಮಿಲಿಮೀಟರ್ ಮಾಡಿದರೆ ಹರಿವು ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಬಾಗಿಲನ್ನು ಅಂದಾಜಿನಲ್ಲಿ ಎಳೆಯುವ ಕೈಗೆ ಈ ನಾಲ್ಕು ಮಿಲಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಹೆಚ್ಚು ಕಾಳು ನುಗ್ಗಿದಾಗ ರೋಟರಿನಿಂದ ಹೊರಟ ಕಾಳು ಬಳೆಗೆ ಬಡಿಯುವ ಬದಲು ಮುಂದಿನ ಕಾಳಿಗೆ ಬಡಿಯುತ್ತದೆ, ಸಿಪ್ಪೆ ಉಳಿಯುತ್ತದೆ, ಗಿರಣಿಯವರು ವೇಗ ಹೆಚ್ಚಿಸುತ್ತಾರೆ, ನುಚ್ಚಾಗುತ್ತದೆ. ಇದಕ್ಕೆ ನನ್ನ ಸಲಹೆ: ಸರಿಸುವ ಬಾಗಿಲು ತೆರೆಯಲು-ಮುಚ್ಚಲು ಮಾತ್ರ ಇರಲಿ, ಅದರ ಕೆಳಗೆ 14, 16, 18, 20 ಮಿಲಿಮೀಟರ್ ರಂಧ್ರಗಳಿರುವ ನಾಲ್ಕು ಬಿಡಿ ತಟ್ಟೆಗಳನ್ನು ಕೊಡಿ, ಯಾವ ಧಾನ್ಯಕ್ಕೆ ಯಾವ ತಟ್ಟೆ ಎಂದು ಅದರ ಮೇಲೆಯೇ ಕೊರೆಯಿರಿ. ಹಾಪರಿನಲ್ಲಿ ಕಾಳು ಎಷ್ಟು ಎತ್ತರವಿದೆ ಎಂಬುದು ಹರಿವನ್ನು ಬದಲಿಸುವುದಿಲ್ಲವಾದ್ದರಿಂದ, ಒಮ್ಮೆ ಹೊಂದಿದ ತಟ್ಟೆ ಮೊದಲ ಕಿಲೋವಿನಿಂದ ಕೊನೆಯ ಕಿಲೋವರೆಗೆ ಒಂದೇ ಹರಿವು ಕೊಡುತ್ತದೆ. ಒಂದು ನಿಮಿಷ ಬಿದ್ದ ಕಾಳನ್ನು ತೂಗಿ, ಅರವತ್ತರಿಂದ ಗುಣಿಸಿ ಖಚಿತ ಮಾಡಿಕೊಳ್ಳಿ. ರಂಧ್ರದ ಮೇಲೆ ಒಂದು ಮ್ಯಾಗ್ನೆಟ್ ಪಟ್ಟಿ ಇದ್ದರೆ ಕಣದಿಂದ ಬಂದ ಮೊಳೆ, ತಂತಿಗಳು ರೋಟರಿಗೆ ಹೋಗುವುದಿಲ್ಲ.

ಸಿಪ್ಪೆ ಬಿಟ್ಟ ಮೇಲೆ ಹೊಟ್ಟು ಬೇರ್ಪಡಬೇಕು. ಇಲ್ಲಿ ಹಣ ಉಳಿಸಲು ರೋಟರಿನ ಶಾಫ್ಟಿನಿಂದಲೇ ಬೆಲ್ಟು ಎಳೆದು ಬ್ಲೋವರ್ ಓಡಿಸುವ ಪದ್ಧತಿ ಇದೆ, ಅದು ದೊಡ್ಡ ದೋಷ. ಧಾನ್ಯ ಬದಲಿಸಿ ರೋಟರಿನ ವೇಗ ಹೆಚ್ಚಿಸಿದ ಕೂಡಲೇ ಗಾಳಿಯೂ ಹೆಚ್ಚಿ, ಹಗುರ ಸಾಮೆ ಅಕ್ಕಿ ಹೊಟ್ಟಿನ ಚೀಲಕ್ಕೆ ಹಾರಿಹೋಗುತ್ತದೆ. ಬ್ಲೋವರಿಗೆ ಪ್ರತ್ಯೇಕ ಮೋಟಾರು ಇಡಿ, ಅದರ ವೇಗ ಸ್ಥಿರವಾಗಿರಲಿ, ಗಾಳಿಯನ್ನು ಒಂದು ತಿರುಗುವ ತಗಡಿನಿಂದ ಹೊಂದಿಸಿ. ಕಾಳು ಬೀಳುವ ಗಾಳಿಯ ನಾಳದ ಒಂದು ಗೋಡೆಯನ್ನು ಪಾರದರ್ಶಕ ಅಕ್ರಿಲಿಕ್‌ನಿಂದ ಮಾಡಿದರೆ ಹೊಟ್ಟು ಮೇಲೇರುವುದೂ ಅಕ್ಕಿ ಕೆಳಗಿಳಿಯುವುದೂ ಕಣ್ಣಿಗೆ ಕಾಣುತ್ತವೆ. ಮೊರದಲ್ಲಿ ಕೇರಿ ಪಳಗಿದ ಹೆಂಗಸರಿಗೆ ಅದನ್ನು ನೋಡಿ ತಗಡು ತಿರುಗಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಎಲ್ಲಕ್ಕಿಂತ ಕಷ್ಟದ ಕೆಲಸ, ಸಿಪ್ಪೆ ಬಿಟ್ಟ ಕಾಳಿನಿಂದ ಬಿಡದ ಕಾಳನ್ನು ಬೇರೆ ಮಾಡುವುದು. ಒಂದೇ ಸಲಕ್ಕೆ ನೂರಕ್ಕೆ ನೂರು ಸಿಪ್ಪೆ ತೆಗೆಯಲು ಹೋದರೆ ನುಚ್ಚು ಖಂಡಿತ. ಮಿತವಾದ ವೇಗದಲ್ಲಿ ಹೆಚ್ಚಿನ ಭಾಗವನ್ನು ಬಿಡಿಸಿ, ಉಳಿದದ್ದನ್ನು ಮತ್ತೆ ಹಾಕುವುದೇ ಸರಿ. ಆದರೆ ಸಿಪ್ಪೆಯಿರುವ ಸಣ್ಣ ಕಾಳೂ ಸಿಪ್ಪೆ ಬಿಟ್ಟ ದೊಡ್ಡ ಕಾಳೂ ಗಾತ್ರದಲ್ಲಿ ಒಂದೇ ಆಗಿರುವುದರಿಂದ ಜರಡಿ ಸೋಲುತ್ತದೆ. ಇದಕ್ಕೆ ಪರಿಹಾರವನ್ನು ಹಲ್ಲರಿನ ಮೊದಲೇ ಮಾಡಬೇಕು: ಹಸನು ಮಾಡುವಾಗಲೇ ಕಾಳನ್ನು ದಪ್ಪ ಮತ್ತು ಸಣ್ಣ ಎಂದು ಎರಡು ಪಾಲು ಮಾಡಿ, ಒಂದೊಂದು ಪಾಲನ್ನೂ ಬೇರೆಯಾಗಿ ಸಿಪ್ಪೆ ತೆಗೆಯಿರಿ. ಆಗ ಪ್ರತಿ ಪಾಲಿನಲ್ಲೂ ಬಿಟ್ಟದ್ದು ಬಿಡದ್ದಕ್ಕಿಂತ ಚಿಕ್ಕದಾಗಿರುತ್ತದೆ, ಜರಡಿ ಕೆಲಸ ಮಾಡುತ್ತದೆ. ಎರಡು ಜರಡಿ ಹೆಚ್ಚಿಗೆ ಕೊಡುವ ಖರ್ಚು ಇಲ್ಲಿ ಸಾರ್ಥಕ. ಕಲ್ಲು ಬೇರ್ಪಡಿಸುವ ಡಿಸ್ಟೋನರನ್ನು ಮಾತ್ರ ಈ ಯಂತ್ರಕ್ಕೆ ಸೇರಿಸಬೇಡಿ. ರಸ್ತೆಯ ಮೇಲೆ ಒಕ್ಕಿದ ಕಾಳಿನಲ್ಲಿ ಅದೇ ಗಾತ್ರದ ಹರಳು ಇದ್ದೇ ಇರುತ್ತದೆ, ನಿಜ. ಆದರೆ ಅದನ್ನು ಬಿಡಿ ಯಂತ್ರವಾಗಿ ಮಾಡಿದರೆ ಎರಡು-ಮೂರು ಗಿರಣಿಯವರು ಕೂಡಿ ಒಂದನ್ನು ಕೊಳ್ಳಬಹುದು.

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಒದ್ದೆ ಕಾಳಿಗೆ ಅದು ಸೋಲುತ್ತದೆ. ತೇವಾಂಶ 10ರಿಂದ 12 ಶೇಕಡದೊಳಗೆ ಇರಬೇಕು. ಹೆಚ್ಚಾದರೆ ಸಿಪ್ಪೆ ತೊಗಲಿನಂತೆ ಬಾಗುತ್ತದೆ, ಸೀಳುವುದಿಲ್ಲ. ಜುನ್ನರದವರಿಗೆ ಇದನ್ನು ಒತ್ತಿ ಹೇಳಿ, ಏಕೆಂದರೆ ಸಹ್ಯಾದ್ರಿಯ ಆ ಭಾಗದಲ್ಲಿ ಬೆಳೆಯುವ ವರಿ ಎಂಬ ಸಣ್ಣ ಸಿರಿಧಾನ್ಯದಿಂದ ಅವರು ತೆಗೆಯುವುದು ಭಗರ್, ಎಂದರೆ ಉಪವಾಸದ ದಿನ ತಿನ್ನುವ ಅಕ್ಕಿ. ಏಕಾದಶಿ, ನವರಾತ್ರಿ, ಶಿವರಾತ್ರಿಗಳಲ್ಲಿ ಅದರ ಬೇಡಿಕೆ ಒಮ್ಮೆಲೇ ಏರುತ್ತದೆ. ಅಂಥ ದಿನಗಳಲ್ಲಿ ಭಗರ್ ತಿಂದು ಜನ ಅಸ್ವಸ್ಥರಾದ ವರದಿಗಳು ಮಹಾರಾಷ್ಟ್ರದಲ್ಲಿ ಹಲವು ಸಲ ಬಂದಿವೆ, ತೇವಕ್ಕೆ ಬೆಳೆಯುವ ಬೂಷ್ಟಿನ ಬಗ್ಗೆ ಎಚ್ಚರಿಕೆಯನ್ನೂ ಕೊಡಲಾಗಿದೆ. ಸಿಪ್ಪೆ ತೆಗೆದ ಕಾಳಿಗೆ ರಕ್ಷಣೆ ಇಲ್ಲ. ತೌಡಿನ ಎಣ್ಣೆಯಂಶದಿಂದ ಬೇಗ ಕಮಟೂ ಹಿಡಿಯುತ್ತದೆ. ಸಿಪ್ಪೆಸಹಿತ ಸಂಗ್ರಹಿಸಿಟ್ಟು ಬೇಕಾದಷ್ಟನ್ನೇ ಆಗಾಗ ತೆಗೆಯುವುದು ಸಣ್ಣ ಯಂತ್ರಕ್ಕೆ ಸಹಜವಾಗಿ ಒಗ್ಗುತ್ತದೆ. ದೊಡ್ಡ ಮಿಲ್ಲಿನ ಎದುರು ನಿಮ್ಮ ಗಿರಾಕಿಗಳಿಗಿರುವ ನಿಜವಾದ ಮೇಲುಗೈ ಇದು.

ಹೆಂಗಸರು ನಡೆಸುವ ಯಂತ್ರವೆಂಬುದನ್ನು ಚಿತ್ರ ಬರೆಯುವಾಗಲೇ ನೆನಪಿಡಿ. ಹಾಪರಿನ ಬಾಯಿ ನೆಲದಿಂದ 1.2 ಮೀಟರಿಗಿಂತ ಎತ್ತರ ಬೇಡ. ಸೆರಗು ಸಿಗದಂತೆ ಬೆಲ್ಟಿಗೆ ಪೂರ್ತಿ ಜಾಲರಿ ಇರಲಿ. ಅರ್ಧ ಮುಚ್ಚುವ ಜಾಲರಿಗಿಂತ ಕೆಟ್ಟದ್ದಿಲ್ಲ, ಅದು ಧೈರ್ಯ ಕೊಟ್ಟು ಮೋಸ ಮಾಡುತ್ತದೆ.

ಹಣದ ಸಹಾಯದ ಬಗ್ಗೆ ಎರಡು ಮಾತು. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣೆ ಉದ್ದಿಮೆಗಳ ಯೋಜನೆ, ಎಂದರೆ ಪಿಎಂಎಫ್‌ಎಂಇಯಲ್ಲಿ, ಬ್ಯಾಂಕ್ ಸಾಲದೊಂದಿಗೆ ಯೋಜನಾ ವೆಚ್ಚದ 35 ಶೇಕಡ, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ಇಡಲಾಗಿದೆ. ಕೊಳ್ಳುವವರು ಅರ್ಜಿ ಹಾಕುವ ಮೊದಲು ಯೋಜನೆ ಈಗಲೂ ಇದೆಯೇ ಎಂಬುದನ್ನೂ ಈಗಿನ ನಿಯಮಗಳನ್ನೂ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಲಿ. ಇಂಥ ಸಾಲಕ್ಕೆ ಬ್ಯಾಂಕಿನವರು ಕೇಳುವುದು ನಿಮ್ಮ ಕೊಟೇಶನ್ನು, ಜಿಎಸ್‌ಟಿ ಬಿಲ್ಲು, ಯಂತ್ರದ ಸಾಮರ್ಥ್ಯದ ವಿವರ. ಚೀಟಿಯ ಮೇಲೆ ಬರೆದುಕೊಟ್ಟರೆ ನಡೆಯುವುದಿಲ್ಲ. ಭೋಪಾಲಿನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ, ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇವು ಸಣ್ಣ ಪ್ರಮಾಣದ ಧಾನ್ಯ ಸಂಸ್ಕರಣೆಯಲ್ಲಿ ಕೆಲಸ ಮಾಡಿವೆ. ನಿಮಗೆ ಹತ್ತಿರದಲ್ಲಿ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠ, ಊರಿಗೆ ಹತ್ತಿರದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇವೆ. ಅಲ್ಲಿನ ಯಂತ್ರಗಳನ್ನು ಒಮ್ಮೆ ಕಣ್ಣಾರೆ ನೋಡಿ ಬಂದು ಆಮೇಲೆ ತಗಡು ಕತ್ತರಿಸಿ.

ಪರೀಕ್ಷೆ ಹೀಗೆ ಮಾಡಿ. ಪ್ರತಿ ವೇಗಕ್ಕೂ ಐದು ಕಿಲೋ ಕಾಳು ಹಾಕಿ, ಹೊರಬಂದದ್ದನ್ನು ಚೆನ್ನಾಗಿ ಬೆರೆಸಿ, ಅದರಿಂದ ಇಪ್ಪತ್ತು ಗ್ರಾಂ ತೆಗೆದು ಇಡಿ ಅಕ್ಕಿ, ನುಚ್ಚು, ಸಿಪ್ಪೆ ಬಿಡದ ಕಾಳು ಎಂದು ಕೈಯಿಂದ ಆರಿಸಿ ತೂಗಿರಿ. ಸಿಪ್ಪೆ ಬಿಟ್ಟ ಪ್ರಮಾಣವನ್ನು, ಬಿಟ್ಟದ್ದರಲ್ಲಿ ಇಡಿಯಾಗಿ ಉಳಿದ ಪ್ರಮಾಣದಿಂದ ಗುಣಿಸಿ. ನೂರಕ್ಕೆ 90 ಬಿಟ್ಟು, ಅದರಲ್ಲಿ 80 ಇಡಿಯಾಗಿದ್ದರೆ ಗುಣಲಬ್ಧ 72. ನೂರಕ್ಕೆ 82 ಬಿಟ್ಟು, ಅದರಲ್ಲಿ 95 ಇಡಿಯಾಗಿದ್ದರೆ ಸುಮಾರು 78. ಕಣ್ಣಿಗೆ ಮೊದಲನೆಯದು ಶುಭ್ರವಾಗಿ ಕಂಡರೂ ಎರಡನೆಯ ವೇಗವೇ ಒಳ್ಳೆಯದು, ಏಕೆಂದರೆ ಬಿಡದ ಕಾಳನ್ನು ಮತ್ತೆ ಹಾಕಬಹುದು, ನುಚ್ಚನ್ನು ಮತ್ತೆ ಜೋಡಿಸಲಾಗದು. ಮೊದಲು ನವಣೆ ಹಿಡಿಯಿರಿ, ಅದು ಸಾಧಿಸಿದ ಮೇಲೆ ಸಾಮೆ ಮತ್ತು ವರಿ. ಹಾರಕದ ಸಿಪ್ಪೆ ಪದರಪದರವಾಗಿ ಬಿಗಿದಿರುತ್ತದೆ, ಅದಕ್ಕೆ ಅಪ್ಪಳಿಸುವುದರ ಜೊತೆಗೆ ಎಮೆರಿ ಕಲ್ಲಿನಲ್ಲಿ ಉಜ್ಜುವುದೂ ಬೇಕಾಗುತ್ತದೆ. ಈ ಯಂತ್ರದಲ್ಲಿ ಹಾರಕವೂ ಆಗುತ್ತದೆ ಎಂದು ಸದ್ಯಕ್ಕೆ ಯಾರಿಗೂ ಮಾತು ಕೊಡಬೇಡಿ.